ತನಗೆ ತಾನೇ ಸಮನಲ್ಲದ್ದು

ಮನೆಗೆ ಚಿಕ್ಕ ಸೊಸೆ ಬಂದ ಮೇಲೆಯೇ ದೊಡ್ಡ ಸೊಸೆಗೆ ತಾನು ಇಷ್ಟು ವರ್ಷ ಮಾಡುತ್ತಿದ್ದ ಟೀಗೆ ರುಚಿಯಿರಲಿಲ್ಲ ಎಂಬುದು ಗೊತ್ತಾದದ್ದು. ಅತ್ತೆ ಲೋಟ ಕೆಳಗಿಟ್ಟು, ತುಟಿ ಒರೆಸಿಕೊಂಡು, "ಇದಪ್ಪ ಟೀ ಅಂದ್ರೆ" ಅನ್ನುತ್ತಿದ್ದರು. ಹೇಳುವಾಗ ದೊಡ್ಡವಳ ಕಡೆ ನೋಡುತ್ತಿರಲಿಲ್ಲ. ನೋಡದೇ ಇರುವುದರಲ್ಲೇ ಎಲ್ಲ ಇತ್ತು.

ಟೀ ಹೋದರೆ ಹೋಗಲಿ, ಪಾತ್ರೆ ತೊಳೆಯುವುದೂ ಅದರ ಜೊತೆಗೇ ಹೋಗಲಿ ಎಂದು ಅವಳು ಬಿಟ್ಟುಕೊಟ್ಟಿದ್ದಳು. ಆದರೆ ಬಂದವಳು ಒಲೆಯ ಹತ್ತಿರ ನಿಲ್ಲುವ ಪೈಕಿಯಲ್ಲ. ದೊಡ್ಡವಳು ಓದಿದ್ದನ್ನೇ ಓದಿದವಳು. ಹತ್ತು ವರ್ಷ ತಡವಾಗಿ ಓದಿದ್ದರಿಂದ ಹತ್ತು ವರ್ಷ ಹೊಸದಾಗಿ ಓದಿದವಳು. "ಅತ್ತಿಗೆ, ನಿಮ್ಮ ಗಿರಣೀಲಿ ಇವಳಿಗೊಂದು ಜಾಗ ನೋಡಿ" ಎಂದು ಮೈದುನ ಕೇಳಿದಾಗ ದೊಡ್ಡವಳೇ ಮುಂದೆ ನಿಂತು ಮ್ಯಾನೇಜರ್ ಹತ್ತಿರ ಮಾತಾಡಿದಳು. ಕೈಯಾರೆ ಕರೆದು ಪಕ್ಕದ ಮೇಜಿನಲ್ಲಿ ಕೂರಿಸಿದಳು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ ಅನ್ನುತ್ತಾರೆ. ಇವಳು ಮನೆಯೊಳಗಿದ್ದವಳನ್ನೇ ಬೀದಿಗೂ ಕರೆದುಕೊಂಡು ಹೋಗಿದ್ದಳು.

ಅದು ಬಟ್ಟೆಗೆ ಬಣ್ಣ ಹಾಕುವ ಗಿರಣಿ. ಬಣ್ಣದಲ್ಲಿ ಮುಳುಗಿ ಎದ್ದ ಬಟ್ಟೆ, ರೈಲು ಬೋಗಿಯಷ್ಟು ಉದ್ದದ ಡ್ರೈಯರುಗಳ ಒಂದು ಬಾಯಿಯಲ್ಲಿ ಒದ್ದೆಯಾಗಿ ಹೊಕ್ಕು ಇನ್ನೊಂದು ಬಾಯಿಯಿಂದ ಒಣಗಿ ಹೊರಬೀಳುತ್ತದೆ. ಹೊರಬೀಳುವ ಬಾಯಿಯ ಮುಂದೆ ಹೆಂಗಸರು ನಿಂತು ಮಡಿಸುತ್ತಾರೆ. ಒಳಗೆ ಉರಿ, ಹೊರಗೆ ಹೆಂಗಸರು, ನಡುವೆ ಒಂದು ಸೆನ್ಸರ್, ಒಂದು ಪ್ರೋಗ್ರಾಮ್. ಆ ಪ್ರೋಗ್ರಾಮ್ ಬರೆದವಳು ಷೆಡ್ಡಿನ ಮೇಲಿನ ಗಾಜಿನ ಕೋಣೆಯಲ್ಲಿ ಕೂರುವ ದೊಡ್ಡವಳು. ಕಾವು ನೂರೆಂಬತ್ತು ಡಿಗ್ರಿ ದಾಟಿದರೆ ಉರಿ ಇಳಿಸಿ, ಬಟ್ಟೆ ನಿಲ್ಲಿಸಿ, ಗಂಟೆ ಬಡಿಯುವುದು ಅದರ ಕೆಲಸ. ಗಂಟೆ ಬಡಿಯುತ್ತಲೇ ಇರುತ್ತಿತ್ತು. ಹಾಗಾಗಿ ಕೆಳಗಿನವರು ಅವಳಿಗೆ ಇಟ್ಟ ಹೆಸರು ಗಂಟೆಯಮ್ಮ.

ಬಡಿಯುವುದಕ್ಕೆ ಕಾರಣವಿತ್ತು. ಸೆನ್ಸರಿನ ತಂತಿಗಳು ಮಾಲೀಕರ ಅಪ್ಪನ ಕಾಲದವು, ದಿನಕ್ಕೊಂದು ಸಡಿಲವಾಗುತ್ತಿತ್ತು. ಪ್ರೋಗ್ರಾಮ್ ಸೆನ್ಸರಿನಿಂದ ಬರುವ ಒಂದು ಅಳತೆಯನ್ನು ಇನ್ನೊಂದರಿಂದ ಭಾಗಿಸಿ ಕಾವು ಎಷ್ಟೆಂದು ತಿಳಿಯುತ್ತದೆ. ಒಂದು ತಂತಿ ಕಳಚಿ ಭಾಗಿಸುವ ಅಳತೆ ಸೊನ್ನೆಯಾದರೆ ಉತ್ತರ ಅನಂತ. ಅನಂತದಿಂದ ಭಯವಿಲ್ಲ, ಅದು ಗಂಟಲು ಹರಿಯುವಂತೆ ಕೂಗುವ ಜಾತಿ. ಯಾವ ಮಿತಿಗಿಂತಲೂ ದೊಡ್ಡದಾದ್ದರಿಂದ ಗಂಟೆ ತಾನಾಗಿ ಬಡಿಯುತ್ತದೆ. ಎರಡೂ ತಂತಿ ಕಳಚಿದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಆಗ ಬರುವುದು ನ್ಯಾನ್, ನಾಟ್ ಎ ನಂಬರ್. ಸಂಖ್ಯೆಯೇ ಅಲ್ಲ, ಆದರೂ ಸಂಖ್ಯೆಯ ಜಾಗದಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿರುತ್ತದೆ. ನೂರೆಂಬತ್ತಕ್ಕಿಂತ ಹೆಚ್ಚೇ ಎಂದರೆ ಅಲ್ಲ. ಕಡಿಮೆಯೇ ಎಂದರೆ ಅದೂ ಅಲ್ಲ. ಹೋಗಲಿ, ನೀನು ನಿನಗಾದರೂ ಸಮವೇ ಎಂದರೆ ಅದಕ್ಕೂ ಅಲ್ಲ. ಹೆಚ್ಚಲ್ಲದ್ದರಿಂದ ಉರಿ ಇಳಿಯುವುದಿಲ್ಲ, ಗಂಟೆ ಬಡಿಯುವುದಿಲ್ಲ. ಒಳಗೆ ಬೆಂಕಿ ತನ್ನ ಪಾಡಿಗೆ ಏರುತ್ತಿರುತ್ತದೆ.

ಆ ಕಳ್ಳನನ್ನು ಅವಳು ಅದರ ಕೊನೆಯ ಉತ್ತರದಿಂದಲೇ ಹಿಡಿದಿದ್ದಳು. ಪ್ರೋಗ್ರಾಮಿನಲ್ಲಿ ಒಂದೇ ಸಾಲು: ಬಂದ ಬೆಲೆ ತನಗೆ ತಾನೇ ಸಮವಲ್ಲದಿದ್ದರೆ ನಿಲ್ಲಿಸು, ಗಂಟೆ ಬಡಿ. ಹೆತ್ತ ಮಗುವಿನ ಮೇಲಿರುವಷ್ಟು ಅಭಿಮಾನ ಆ ಸಾಲಿನ ಮೇಲಿತ್ತು.

ಗಿರಣಿಗೆ ಆ ಸಾಲು ಕಣ್ಣಿನ ಕಸ. ಗಂಟೆ ಬಡಿದರೆ ಬಟ್ಟೆ ನಿಲ್ಲುತ್ತದಲ್ಲ. ಡ್ರೈಯರಿನ ಹೊಟ್ಟೆಯಲ್ಲೇ, ಕಾವು ಮೀರಿದರೆ ತಾನಾಗಿ ಆರಿಸುವ ಇನ್ನೊಂದು ಸ್ವಿಚ್ಚಿತ್ತು. ಅದೂ ಬಟ್ಟೆ ನಿಲ್ಲಿಸುತ್ತದೆಂದು ಮ್ಯಾನೇಜರ್ ಅದರ ಎರಡು ತುದಿಗೆ ತುಂಡು ತಂತಿ ಬಿಗಿಸಿ ಬಾಯಿ ಮುಚ್ಚಿಸಿದ್ದ. ಸೆನ್ಸರಿಗೆ ಹೊಸ ತಂತಿ ತರಲು ಕೈ ಬರದ ಗಿರಣಿಗೆ ಈ ತುಂಡು ತಂತಿ ಮಾತ್ರ ಸಿಕ್ಕಿತ್ತು.

ಚಿಕ್ಕವಳು ಬಂದ ಹೊಸದರಲ್ಲೇ ಚುರುಕಿ ಎಂದು ಹೆಸರು ಪಡೆದಳು. ಡ್ರೈಯರಿನ ಕಾವು ತೋರಿಸುವ ಪರದೆ ಕುಂಟುತ್ತದೆ, ಗುಂಡಿ ಒತ್ತಿದರೆ ಆಕಳಿಸಿ ಏಳುತ್ತದೆ ಎಂಬುದು ಹಳೆಯ ದೂರು. ಹಳೆಯ ಯಂತ್ರ, ಇಷ್ಟೇ ಆಗುವುದು ಎಂದು ದೊಡ್ಡವಳು ಹೇಳುತ್ತಾ ಬಂದಿದ್ದಳು. ಚುರುಕಿ ಪ್ರೋಗ್ರಾಮಿಗೆ ಕೈಯನ್ನೇ ಹಚ್ಚಲಿಲ್ಲ. ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರಿಗೆ, ಲೆಕ್ಕ ಬೇಗ ಬೇಗ ಮಾಡು ಎಂದು ಹೇಳುವ ಒಂದು ಆಯ್ಕೆಯನ್ನು ಸೇರಿಸಿದಳು. ಪರದೆ ಜಿಂಕೆಯಾಯಿತು.

"ನೋಡಿದ್ರಾ ಗಂಟೆಯಮ್ಮ, ವರ್ಷಗಟ್ಟಲೆ ಆಗಲ್ಲ ಆಗಲ್ಲ ಅಂತಿದ್ರಿ" ಎಂದ ಮ್ಯಾನೇಜರ್. "ನಿಮ್ಮ ತಂಗಿ ಒಂದು ವಾರದಲ್ಲಿ ಮಾಡಿದ್ಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

"ಆ ಗಾದೇಲಿ ದೊಣ್ಣೆ ಮಡಕೆ ಒಡೆಯುತ್ತೆ ಸರ್" ಎಂದಳು ಅವಳು. "ಮತ್ತೆ, ತಂಗಿ ಅಲ್ಲ. ವಾರಗಿತ್ತಿ."

"ಓಹೋ" ಎಂದು ಅವನು ನಕ್ಕ. "ಎರಡು ಜಡೆ ಸೇರಲ್ಲ ಅಂತ ಸುಮ್ನೆ ಹೇಳ್ತಾರಾ."

ಸೇರದಿದ್ದರೆ ಯಾರಿಗೆ ಲಾಭ ಎಂದು ಕೇಳುವಷ್ಟು ಬುದ್ಧಿ ಅವಳಿಗಿತ್ತು. ಆ ಹೊತ್ತಿನಲ್ಲಿ ಬುದ್ಧಿ ಎಲ್ಲಿತ್ತೋ. ಹೊಟ್ಟೆಯೊಳಗೆ ಹಸಿ ಸೌದೆ ಇಟ್ಟ ಹಾಗೆ ಹೊಗೆಯಾಡುತ್ತಿತ್ತು. ಮಾಲೀಕರು ಬರುವ ದಿನ ಗೊತ್ತಾಗಿತ್ತು. ಅವರೆದುರು ಹೊಸ ವೇಗವನ್ನು ತೋರಿಸುವುದು, ತೋರಿಸಿದವಳಿಗೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ಕೊಡುವುದು ಎಂದು ಮ್ಯಾನೇಜರ್ ಊಟದ ಕೋಣೆಯಲ್ಲಿ ಎಲ್ಲರೆದುರು ಹೇಳಿದ. ಆ ಕುರ್ಚಿಯನ್ನು ದೊಡ್ಡವಳು ಮನಸ್ಸಿನಲ್ಲೇ ಎಷ್ಟು ಸಲ ಒರೆಸಿಟ್ಟಿದ್ದಳೋ.

ಅದಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಚುರುಕಿಯ ಒಳ್ಳೆಯತನ. "ಅಕ್ಕಾ, ನಿಮ್ಮ ಪ್ರೋಗ್ರಾಮಲ್ಲಿ ನಾನು ಒಂದು ಸಾಲೂ ಮುಟ್ಟಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದೀರಿ" ಅನ್ನುತ್ತಿದ್ದಳು. ಕೆಟ್ಟವಳಾಗಿದ್ದರೆ ದ್ವೇಷಿಸಿ ಹಗುರವಾಗಬಹುದಿತ್ತು. ಆ ಅನುಕೂಲವನ್ನೂ ಅವಳು ಮಾಡಿಕೊಡಲಿಲ್ಲ.

ಹೊಸ ಪ್ರೋಗ್ರಾಮನ್ನು ಒಂದನೇ ಡ್ರೈಯರಿಗಷ್ಟೇ ಹಾಕಿದ್ದರು. ಬಾಗಿಲ ಹತ್ತಿರ ನಿಂತಿರುವ, ಬಂದವರ ಕಣ್ಣಿಗೆ ಮೊದಲು ಬೀಳುವ ಡ್ರೈಯರ್ ಅದು. ಆದ್ದರಿಂದ ಗಿರಣಿಯಲ್ಲಿ ಅದೊಂದಕ್ಕೆ ಮಾತ್ರ ಹೊಸ ತಂತಿ. ಉಳಿದವಕ್ಕೆ ಹೊಸ ಪ್ರೋಗ್ರಾಮ್ ಮಾಲೀಕರು ನೋಡಿಹೋದ ಮೇಲೆ ಎಂದು ಮಾತಾಗಿತ್ತು.

ಮಾಲೀಕರು ಬರುವ ಹಿಂದಿನ ದಿನ ಮಧ್ಯಾಹ್ನ ಚುರುಕಿ ಊಟಕ್ಕೆ ಹೋದಾಗ ದೊಡ್ಡವಳು ಪ್ರೋಗ್ರಾಮ್ ತೆರೆದು ಕೂತಳು. ತನ್ನ ಸಾಲನ್ನು ಆ ಹುಡುಗಿ ಅಳಿಸಿಯೇ ಇರಬೇಕು ಎಂಬ ಆಸೆ. ಯಾವ ವಸ್ತು ತನಗೆ ತಾನು ಸಮವಲ್ಲದೆ ಇರುತ್ತದೆ, ಯಾರೋ ನಿದ್ದೆಗಣ್ಣಲ್ಲಿ ಬರೆದಿದ್ದಾರೆ ಎಂದು ಅಳಿಸುವವರು ಹಿಂದೆಯೂ ಇದ್ದರು. ಸಾಲು ಇತ್ತು. ಅಕ್ಷರ ಕದಲಿರಲಿಲ್ಲ. ಅವಳಿಗೆ ನಿರಾಸೆಯೇ ಆಯಿತು.

ಆದರೂ ಕೈ ಸುಮ್ಮನಿರಲಿಲ್ಲ. ಪರೀಕ್ಷೆಗೆಂದು ಮೇಜಿನ ಮೇಲೆ ಒಂದು ಹಲಗೆ ಇತ್ತು: ಡ್ರೈಯರಿನದೇ ಚಿಕ್ಕ ಯಂತ್ರ, ಒಂದು ಸೆನ್ಸರ್, ಗಂಟೆಯ ಬದಲು ಕೆಂಪು ದೀಪ. ಹೊಸ ಪ್ರೋಗ್ರಾಮ್ ಅದರಲ್ಲೂ ಇತ್ತು. ಒಂದು ತಂತಿ ಕಿತ್ತಳು. ಅನಂತ; ಕೆಂಪು ದೀಪ ಹತ್ತಿತು. ಎರಡನ್ನೂ ಕಿತ್ತಳು. ಪರದೆಯಲ್ಲಿ ನ್ಯಾನ್ ಎಂದು ಬಂತು. ಕೆಂಪು ದೀಪ ಹತ್ತಲಿಲ್ಲ. ಹಾಕಿ, ಮತ್ತೆ ಕಿತ್ತಳು. ಹತ್ತಲಿಲ್ಲ.

ಆಗ ಅರ್ಥವಾಯಿತು. ಆ ಆಯ್ಕೆ ಕಂಪೈಲರಿಗೆ ಒಂದು ಮಾತು ಕೊಡುತ್ತದೆ: ಇಲ್ಲಿ ಅನಂತವೂ ಬರುವುದಿಲ್ಲ, ನ್ಯಾನೂ ಬರುವುದಿಲ್ಲ, ನಂಬು. ನಂಬಿದ ಕಂಪೈಲರ್ ಅವಳ ಸಾಲನ್ನು ಓದಿ, ತನಗೆ ತಾನು ಸಮವಲ್ಲದ್ದು ಎಲ್ಲಿರುತ್ತದೆ ಎಂದು ಅದನ್ನು ಆಚೆ ಎಸೆದಿತ್ತು. ಬರಹದಲ್ಲಿ ಸಾಲು ಇದೆ, ಯಂತ್ರದಲ್ಲಿ ಇಲ್ಲ. ಅನಂತ ಮಿತಿಗಿಂತ ದೊಡ್ಡದಾದ ಪುಣ್ಯಕ್ಕೆ ಹೇಗೋ ಸಿಕ್ಕಿಬಿತ್ತು, ನ್ಯಾನ್ ನುಸುಳಿತು. ಇಲ್ಲವೆಂದು ಮೊದಲೇ ಒಪ್ಪಿಕೊಂಡರೆ ಹುಡುಕುವ ಕಷ್ಟವೇ ಇಲ್ಲ. ಈ ವಿದ್ಯೆಯನ್ನು ಗಿರಣಿಯ ಒಡೆಯರು ಕಂಪೈಲರಿಗಿಂತ ಎಷ್ಟೋ ಮೊದಲೇ ಕಲಿತಿದ್ದರು.

ಹೆದರಿಕೆಯಾಗಬೇಕಿತ್ತು. ಅವಳಿಗಾದದ್ದು ಹಾಲು ಕುಡಿದಷ್ಟು ಸಂತೋಷ. ನಾಳೆ ಮಾಲೀಕರು ಎದುರಿಗೇ ನಿಂತಿರುತ್ತಾರೆ, ಚುರುಕಿ ಜಿಂಕೆ ಓಡಿಸುತ್ತಿರುತ್ತಾಳೆ. ಆಗ ತಾನು ಮೆಲ್ಲಗೆ ಹೋಗಿ ಎರಡು ತಂತಿ ಕಿತ್ತು, ಎಲ್ಲಿ ಗಂಟೆ ಎಂದು ಕೇಳುತ್ತಾಳೆ. ಅಷ್ಟೇ ಸಾಕು. ಅಲ್ಲಿಯವರೆಗೆ ಒಂದನೇ ಡ್ರೈಯರಿನ ಹೊಸ ತಂತಿ ಕಳಚುವುದಿಲ್ಲ. ಯಾರಿಗೇನು ನಷ್ಟ.

"ಏನಕ್ಕಾ, ಹಲಗೆ ಹತ್ರ ನಿಂತಿದ್ದೀರಿ?" ಚುರುಕಿ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. "ತಪ್ಪೇನಾದ್ರೂ ಕಂಡ್ತಾ? ಕಂಡ್ರೆ ಈಗ್ಲೇ ಹೇಳಿಬಿಡಿ. ನೀವು ನೋಡಿ ಸರಿ ಅಂದ್ರೆ ನನಗೆ ಧೈರ್ಯ."

ತಂತಿಗಳನ್ನು ಮತ್ತೆ ಸಿಕ್ಕಿಸಿಯಾಗಿತ್ತು.

"ಧೂಳು ಒರೆಸ್ತಿದ್ದೆ ಕಣೇ" ಎಂದಳು ದೊಡ್ಡವಳು. "ಎಲ್ಲಾ ಸರಿಯಾಗಿದೆ."

ಬೆಳಿಗ್ಗೆ ಎದ್ದಾಗ ಸ್ಕೂಟರ್ ಇರಲಿಲ್ಲ. ದಿನಾ ಇಬ್ಬರೂ ಒಟ್ಟಿಗೆ ಹೋಗುವ ಸ್ಕೂಟರ್.

"ಪಾಪ, ಫೋನ್ ಬಂತು, ಟೀನೂ ಕುಡೀದೆ ಓಡಿದ್ಲು" ಎಂದರು ಅತ್ತೆ. "ಕೆಲಸ ಅಂದ್ರೆ ಏನು ಶ್ರದ್ಧೆ. ಎಲ್ಲರಿಗೂ ಬರಲ್ಲ ಅದು."

ಮುಂಚೆ ಹೋಗಿ ಮ್ಯಾನೇಜರಿಗೆ ಬೆಣ್ಣೆ ಹಚ್ಚುತ್ತಿದ್ದಾಳೆ, ಹಚ್ಚಲಿ. ದೊಡ್ಡವಳು ನಿಧಾನವಾಗಿ ಸ್ನಾನ ಮಾಡಿದಳು. ಇನ್ನೊಬ್ಬರ ಗೋಡೆ ಬೀಳುವುದನ್ನು ನೋಡಲು ಹೋಗುವವಳು ಹಾಕಿಕೊಳ್ಳಬೇಕಾದಂಥ ಒಳ್ಳೆಯ ಬಟ್ಟೆ ಆರಿಸಿ, ಇಸ್ತ್ರಿ ಮಾಡಿದಳು. ಯೋಚನೆಯಲ್ಲಿ ಇಸ್ತ್ರಿ ಒಂದೆಡೆ ನಿಂತು ತೋಳಿನ ಮೇಲೆ ಕಂದು ಕಲೆ ಮೂಡಿತು. ಇನ್ನೊಂದು ಬಟ್ಟೆ ತೆಗೆದಳು. ನಡೆದೇ ಹೋದಳು.

ಗಿರಣಿಯ ಬಾಗಿಲಲ್ಲಿ ಮ್ಯಾನೇಜರ್ ಗರಿಗರಿ ಅಂಗಿಯಲ್ಲಿ ನಿಂತಿದ್ದ. ಮಾಲೀಕರು ಬಂದು ಅವನ ಕೋಣೆಯ ಪಕ್ಕದ ಹಾಲಿನಲ್ಲಿ ಕೂತಿದ್ದರು.

"ಬನ್ನಿ ಬನ್ನಿ ಗಂಟೆಯಮ್ಮ. ಬೆಳಿಗ್ಗೆಯಿಂದ ಒಂದು ಸಲ ಬಡಿದಿಲ್ಲ ನಿಮ್ಮ ಗಂಟೆ, ಕೇಳಿಸ್ತಾ? ಎಷ್ಟು ನೆಮ್ಮದಿ. ಒಂದಕ್ಕೇ ಯಾಕೆ ಅಂತ ಆ ಹುಡುಗೀನ ಕರೆಸಿ ಎಲ್ಲಾ ಡ್ರೈಯರಿಗೂ ಹೊಸ ಪ್ರೋಗ್ರಾಮ್ ಹಾಕಿಸಿಬಿಟ್ಟೆ."

"ಎಲ್ಲಕ್ಕೂ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಷೆಡ್ಡಿನೊಳಗೆ ಕಾಲಿಟ್ಟ ಕೂಡಲೇ ವಾಸನೆ ಗೊತ್ತಾಯಿತು, ಬೆಳಿಗ್ಗೆ ತನ್ನ ಇಸ್ತ್ರಿಯ ಕೆಳಗೆ ಎದ್ದ ವಾಸನೆ. ಮೂರನೇ ಡ್ರೈಯರಿನ ಬಾಯಿಯಲ್ಲಿ ಬಟ್ಟೆ ಮಡಿಸುವ ಉದ್ದಕ್ಕ ನಿಂತಿದ್ದಳು. ಎಲ್ಲರಿಗಿಂತ ಒಂದು ಗೇಣು ಎತ್ತರವಾದ್ದರಿಂದ ಆ ಹೆಸರು. ಅವಳ ತಲೆಯ ಹಿಂದಿನ ಪರದೆಯಲ್ಲಿ ನ್ಯಾನ್.

"ಆಚೆ ಬನ್ನಿ ಉದ್ದಕ್ಕ!"

"ಯಾಕಮ್ಮ? ಅದೇನೋ ಅಕ್ಷರ ಬರ್ತಿದೆ ಅಂತ ನಾನೂ ನೋಡ್ದೆ. ಗಂಟೆ ಬಡೀಲಿಲ್ವಲ್ಲ, ಸರಿ ಇರ್ಬೇಕು ಅಂದ್ಕೊಂಡೆ. ನಿಮ್ಮ ಗಂಟೆ ಯಾವತ್ತೂ..."

ಬಟ್ಟೆ ಮೊದಲು ಕಂದಾಗಿ ಬಂತು, ಅದರ ಹಿಂದೆ ಕಪ್ಪಾಗಿ, ಅದರ ಹಿಂದೆ ಉರಿಯುತ್ತಾ ಬಂತು. ಪಕ್ಕದಲ್ಲಿ ಮಡಿಸಿಟ್ಟ ರಾಶಿಗೆ ತಾಗೀತೆಂದು ಉದ್ದಕ್ಕ ಬರಿಗೈಯಲ್ಲೇ ಅದನ್ನು ಹಿಡಿದು ಎಳೆದು ನೆಲಕ್ಕೆ ಹಾಕಿದಳು. ದೊಡ್ಡವಳು ಡ್ರೈಯರ್ ನಿಲ್ಲಿಸುವ ಕೆಂಪು ಗುಂಡಿಗೆ ಅಂಗೈ ಗುದ್ದುವಷ್ಟರಲ್ಲಿ ಉದ್ದಕ್ಕನ ಮುಂಗೈಯಿಂದ ಮೊಣಕೈವರೆಗೆ ಚರ್ಮ ಎದ್ದಿತ್ತು.

ಮ್ಯಾನೇಜರ್ ಅವಳನ್ನು ಆಸ್ಪತ್ರೆಗೆ ಕಳಿಸಲಿಲ್ಲ. ತನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ, ಕೈಗೆ ಒದ್ದೆ ಬಟ್ಟೆ ಸುತ್ತಿ ಕೂರಿಸಿದ. ಮೊದಲು ವರದಿ, ಆಮೇಲೆ ಗಾಡಿ ಎಂದ. ವರದಿಯನ್ನು ಅವನು ತಾನೇ ಗಟ್ಟಿಯಾಗಿ ಹೇಳುತ್ತಾ ಬರೆಯುತ್ತಿದ್ದ: ಕೆಲಸದವಳು ಸೆನ್ಸರಿನ ತಂತಿಗೆ ಕೈ ಹಾಕಿದ್ದರಿಂದ. ಆ ಒಂದು ಸಾಲು ನಿಂತರೆ ಆಸ್ಪತ್ರೆಯ ಖರ್ಚು ಅವಳದೇ, ನಾಳೆಯಿಂದ ಕೆಲಸವೂ ಇಲ್ಲ.

"ನಾನ್ಯಾಕೆ ತಂತಿ ಮುಟ್ಲಿ" ಎಂದಳು ಉದ್ದಕ್ಕ ಬೆಂಚಿನಿಂದ. ಯಾರೂ ತಿರುಗಲಿಲ್ಲ.

"ತಪ್ಪು ನನ್ನದು ಸರ್" ಎಂದಳು ಚುರುಕಿ. "ಏನು ತಪ್ಪು ಅಂತ ಇನ್ನೂ ಗೊತ್ತಾಗ್ತಿಲ್ಲ. ಆದ್ರೆ ಪ್ರೋಗ್ರಾಮ್ ಹಾಕಿದ್ದು ನಾನು."

ಆ ಗಳಿಗೆಯಲ್ಲೂ ದೊಡ್ಡವಳಿಗೆ ಉರಿಯಿತು. ಎಷ್ಟು ಸುಲಭವಾಗಿ ಹೇಳಿಬಿಟ್ಟಳು. ಅದೂ ಅವಳಿಗೇ ಮೊದಲು ಬರಬೇಕೆ.

"ನೀನು ಸುಮ್ನಿರಮ್ಮ" ಎಂದ ಮ್ಯಾನೇಜರ್. "ಒಂದನೇ ಡ್ರೈಯರಲ್ಲಿ ನಿನ್ನ ಪ್ರೋಗ್ರಾಮ್ ಚೆನ್ನಾಗೇ ಓಡ್ತಿದೆ." ಆಮೇಲೆ ಕುರ್ಚಿಯನ್ನು ದೊಡ್ಡವಳ ಕಡೆ ತಿರುಗಿಸಿ ದನಿ ತಗ್ಗಿಸಿದ. "ನೀವು ಹಳಬರು. ಪ್ರೋಗ್ರಾಮ್ ಸರಿ ಇತ್ತು ಅಂತ ಒಂದು ಮಾತು ಹೇಳಿ, ಸಾಕು. ಆ ಮುಖ್ಯಸ್ಥೆ ಜಾಗ ಇದೆಯಲ್ಲ, ಈ ಹುಡುಗಿಗೆ ಇನ್ನೂ ವಯಸ್ಸಿದೆ. ನಿಮಗೇ ನ್ಯಾಯವಾಗಿ ಸೇರಬೇಕಾದ್ದು."

ಕೇಳಬೇಕೆಂದು ಕಾದಿದ್ದ ಮಾತು ಅದು. ಅದನ್ನು ಹೇಳಿದ ಬಾಯಿಯನ್ನು ನೋಡಿದಳು. ಬಾಗಿಲಾಚೆ ಉದ್ದಕ್ಕನ ಕಾಲುಗಳಷ್ಟೇ ಕಾಣುತ್ತಿದ್ದವು, ನೋವಿಗೆ ಒಂದರ ಮೇಲೊಂದು ಉಜ್ಜಿಕೊಳ್ಳುತ್ತಿದ್ದವು. ಬೆಂಕಿಗೆ ಉದ್ದಕ್ಕ ಕಾರಣಳಲ್ಲವೆಂದು ತೋರಿಸಬಲ್ಲ ಸಾಕ್ಷಿ ಈ ಗಿರಣಿಯಲ್ಲಿ ಒಂದೇ. ಅದನ್ನು ಹೇಳಿದರೆ ಹೇಳಿದವಳ ಮಾನ ಉಳಿಯುವುದಿಲ್ಲ.

"ಪ್ರೋಗ್ರಾಮ್ ಸರಿ ಇರಲಿಲ್ಲ" ಎಂದಳು. "ಎರಡೂ ತಂತಿ ಕಳಚಿದ್ರೆ ಗಂಟೆ ಬಡಿಯಲ್ಲ. ನಿನ್ನೆ ಮಧ್ಯಾಹ್ನ ಮೇಜಿನ ಮೇಲೆ ನಾನೇ ಕಿತ್ತು ನೋಡಿದ್ದೀನಿ. ಅಲ್ಲಿ ಉದ್ದಕ್ಕ ಇರಲಿಲ್ಲ. ಬನ್ನಿ, ಈಗಲೂ ತೋರಿಸ್ತೀನಿ."

ಮ್ಯಾನೇಜರನ ಪೆನ್ನು ನಿಂತಿತು. "ನಿನ್ನೆನೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

ಚುರುಕಿ ಅವಳನ್ನೇ ನೋಡುತ್ತಿದ್ದಳು. ಬೇರೆ ಕಾರಣ ಹುಡುಕಿದರೆ ಸಿಗುತ್ತಿತ್ತು.

"ಹೊಟ್ಟೆಕಿಚ್ಚಿಗೆ" ಎಂದಳು ದೊಡ್ಡವಳು.

ಹೊರಗಿನಿಂದ ಉದ್ದಕ್ಕನ ದನಿ ಬಂತು. "ಕಿಚ್ಚು ನಿಮ್ಮ ಹೊಟ್ಟೇಲಿ. ಸುಟ್ಟಿದ್ದು ನನ್ನ ಕೈ. ಚೆನ್ನಾಗಿದೆ ನಿಮ್ಮ ಲೆಕ್ಕ."

ದೊಡ್ಡವಳು ಮ್ಯಾನೇಜರಿಗೆ ಹೇಳುವುದಷ್ಟೇ ಉಳಿದಿತ್ತು, ಪಕ್ಕದ ಹಾಲಿಗೂ ಕೇಳುವ ಹಾಗೆ ಹೇಳಿದಳು. "ನನ್ನ ತಪ್ಪು ಬರೀರಿ. ಅದರ ಕೆಳಗೆ ಸೆನ್ಸರ್ ತಂತಿ ಯಾರ ಕಾಲದ್ದು ಅಂತ ಬರೀರಿ. ಡ್ರೈಯರ್ ಹೊಟ್ಟೇಲಿ ತಾನಾಗಿ ಆರೋ ಸ್ವಿಚ್ಚಿತ್ತು, ನನ್ನ ಗಂಟೆ ಸತ್ತರೂ ಅದು ಇವತ್ತು ಉರಿ ಆರಿಸ್ತಿತ್ತು. ಅದಕ್ಕೆ ತುಂಡು ತಂತಿ ಕಟ್ಟಿಸಿದ್ದು ನೀವು. ಅದನ್ನೂ ಬರೀರಿ."

ಚುರುಕಿ ಹೊರಗೆ ಹೋಗಿ, ಉದ್ದಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಳು. ದೊಡ್ಡವಳಿಗೆ ನಾಳೆಯಿಂದ ಬರಬೇಡಿ ಎಂದರು. ಅವಳು ಚೀಲ ತೆಗೆದುಕೊಂಡು ಷೆಡ್ಡಿನ ಮೂಲಕ ಹೊರಬರುವಾಗ ಹೆಂಗಸರೆಲ್ಲ ಡ್ರೈಯರಿನ ಬಾಯಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದರು. ತುಂಡು ತಂತಿ ಬಿಚ್ಚಬೇಕು, ಗಂಟೆ ಬಡಿಯಬೇಕು, ಉದ್ದಕ್ಕನಿಗೆ ಕೆಲಸ ಇರಬೇಕು, ಆಮೇಲೆ ಏಳುತ್ತೇವೆ ಎಂದಿದ್ದರು. ಅವಳಿಗೆ ಯಾರೂ ದಾರಿ ಬಿಡಲಿಲ್ಲ. ಬೈಯಲೂ ಇಲ್ಲ. ಅವಳು ಕಾಲುಗಳ ನಡುವೆ ಜಾಗ ಹುಡುಕಿಕೊಂಡು ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯ ಮೇಜಿನಲ್ಲಿ ಸುಮ್ಮನೆ ಕೂತಿದ್ದಾಗ ಚುರುಕಿ ಬಂದು ಎದುರಿಗೆ ಟೀ ಲೋಟ ಇಟ್ಟಳು. ಅದರ ಪಕ್ಕ ಲ್ಯಾಪ್‌ಟಾಪ್ ಇಟ್ಟಳು.

"ಷೆಡ್ಡಿನ ಹೆಂಗಸರು ಇನ್ನೂ ನೆಲದಿಂದ ಎದ್ದಿಲ್ಲ. ತುಂಡು ತಂತಿ ಬಿಚ್ಚಿಸಿದ್ರು. ಉದ್ದಕ್ಕನ ಮೇಲೆ ಬರೆದ ವರದಿ ಹರಿದುಹಾಕಿಸಿದ್ರು, ಕೆಲಸ ಇರುತ್ತೆ ಅಂತ ಬರೆಸ್ಕೊಂಡ್ರು. ಗಂಟೆ ಬಡಿಯೋದನ್ನ ಕಣ್ಣಾರೆ ನೋಡ್ಬೇಕಂತೆ. ಆ ಆಯ್ಕೆ ತೆಗೆದ್ರೆ ಸಾಕಾ?"

"ಸಾಕು. ಆದ್ರೆ ನಾಳೆ ಇನ್ಯಾರೋ ಬಂದು ಮತ್ತೆ ಹಾಕ್ತಾರೆ. ಸಮ ಅಲ್ವಾ ಅಂತ ಹೋಲಿಸೋ ನನ್ನ ಸಾಲನ್ನ ಕಿತ್ತುಹಾಕು."

"ಕಿತ್ತು?"

"ಹೋಲಿಸೋದೇ ಬೇಡ. ಒಳಗಿನ ಬಿಟ್ಟುಗಳನ್ನ, ಆ ಸೊನ್ನೆ-ಒಂದುಗಳನ್ನ, ನೇರ ನೋಡು, ಪೂರ್ಣಾಂಕದ ಹಾಗೆ ಓದು. ಆಗ ಕಂಪೈಲರ್ ಕೈ ಹಾಕಲ್ಲ. ಘಾತದ ಬಿಟ್ಟುಗಳಲ್ಲಿ ಎಲ್ಲೂ ಸೊನ್ನೆ ಇಲ್ಲದೆ ಬರೀ ಒಂದುಗಳೇ ಇದ್ರೆ ಅದು ಸರಿಯಾದ ಸಂಖ್ಯೆ ಅಲ್ಲ. ಅದರ ಹಿಂದಿನ ಬಾಲ ಪೂರ್ತಿ ಸೊನ್ನೆ ಆದ್ರೆ ಅನಂತ. ಬಾಲದಲ್ಲಿ ಎಲ್ಲಾದ್ರೂ ಒಂದು ಕಂಡ್ರೆ ನ್ಯಾನ್. ಎರಡಕ್ಕೂ ಗಂಟೆ ಬಡಿ."

ಚುರುಕಿಯ ಬೆರಳು ಓಡಿತು. ಏನು ಓಟ. ದೊಡ್ಡವಳು ಹೇಳಿ ಮುಗಿಸುವಷ್ಟರಲ್ಲಿ ಅವಳದು ಬರೆದು ಮುಗಿದಿತ್ತು. ಇವಳು ತಪ್ಪು ಹುಡುಕಿದಳು, ಸಿಗಲಿಲ್ಲ.

"ಸರಿಯಾಗಿದೆಯಾ ಅಕ್ಕಾ?" ಎಂದು ಚುರುಕಿ ಕೇಳಿದಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮೊನ್ನೆ ಹೇಳಿದ ಥರ ಬೇಡ."

ದೊಡ್ಡವಳು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಮೊದಲಿನಿಂದ ಅಕ್ಷರ ಅಕ್ಷರ ಓದಿದಳು. "ಸರಿಯಾಗಿದೆ. ಹಾಕಿದ ಮೇಲೆ ಎರಡೂ ತಂತಿ ಕಿತ್ತು ನೋಡು. ನನ್ನ ಮಾತು ನಂಬಿ ಬಿಡಬೇಡ."

ಸ್ಕೂಟರ್ ಹೋಯಿತು. ಟೀ ಆರುವ ಮೊದಲು ಒಂದು ಗುಟುಕು ಕುಡಿದಳು. ಹಾಳಾದ್ದು, ಚೆನ್ನಾಗಿತ್ತು.

ಆಮೇಲೆ ಫೋನ್ ಬಂತು. ಎತ್ತಿದರೆ ಆ ಕಡೆಯಿಂದ ಮಾತಿಲ್ಲ. ಷೆಡ್ಡಿನ ಗದ್ದಲ, ಹೆಂಗಸರ ದನಿ, "ಕೀಳು, ಎರಡನ್ನೂ ಕೀಳು" ಎಂದು ಯಾರೋ ಕೂಗುವುದು. ಮರುಗಳಿಗೆ ಗಂಟೆ. ನಿಲ್ಲದೆ ಬಡಿಯಿತು. ಚುರುಕಿ ಫೋನನ್ನು ಅದರ ಹತ್ತಿರ ಹಿಡಿದಿರಬೇಕು. ಆ ಗಂಟೆಯ ಕೆಳಗೆ ಇವತ್ತು ನಿಂತಿರುವವಳು ಅವಳು, ತಾನಲ್ಲ ಎಂಬುದು ಎದೆಗೆ ಚುಚ್ಚಿತು. ಚುಚ್ಚಿದರೂ ದೊಡ್ಡವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಯಾರದ್ದೇ ಅದು, ಬೆಳಿಗ್ಗೆ ಬೆಳಿಗ್ಗೆ ಗಲಾಟೆ" ಎಂದರು ಅತ್ತೆ ಒಳಗಿನಿಂದ.

"ನಮ್ಮದೇ ಅತ್ತೆ" ಎಂದಳು ಅವಳು.